ಎಡೆಗೊಂದು ಸಿಗಾರ್ ಕತ್ತರಿ

ನದಿಯ ದಂಡೆಯಲ್ಲಿ ದ್ಯಾಮವ್ವತಾಯಿಯ ಆಶ್ರಮ. ಮಹಾಲಯ ಅಮಾವಾಸ್ಯೆಗೆ ಇನ್ನು ಆರು ದಿನ ಇತ್ತು.

ಶಿಷ್ಯ ಕಲ್ಲೇಶಿ ಒಂದು ಮರದ ಡಬ್ಬಿ ತಂದು ತಾಯಿಯ ಮುಂದೆ ಇಟ್ಟು ಮುಚ್ಚಳ ತೆಗೆದ. ಒಳಗೆ ಎರಡು ಸಿಗಾರ್ ಇದ್ದವು.

“ಅಪ್ಪನಿಗೆ ಎಡೆ ಇಡಬೇಕು, ತಾಯಿ. ಸತ್ತವರು ಇಷ್ಟಪಟ್ಟದ್ದನ್ನು ಇಡಬೇಕಲ್ಲ. ಅಪ್ಪ ಇಷ್ಟಪಟ್ಟದ್ದು ಇದು.”

ಕಲ್ಲೇಶಿಯ ಅಪ್ಪ ಹಡಗಿನಲ್ಲಿ ಅಡುಗೆಯವನಾಗಿದ್ದ. ಹಡಗಿನಲ್ಲೇ ತೀರಿಕೊಂಡ. ದಡ ದೂರವಿತ್ತು, ಸಮುದ್ರಕ್ಕೇ ಬಿಟ್ಟರು. ಮನೆಗೆ ಬಂದದ್ದು ಈ ಡಬ್ಬಿ ಮಾತ್ರ.

ತಾಯಿ ಒಂದು ಸಿಗಾರ್ ಎತ್ತಿ ತಿರುಗಿಸಿ ನೋಡಿದರು.

“ಹೋದ ವರ್ಷವೂ ಇಟ್ಟೆಯಾ?”

“ಇಟ್ಟಿದ್ದೆ, ತಾಯಿ. ಊರಲ್ಲಿ. ಇದನ್ನೇ.”

“ಹೀಗೇ?”

“ಹೀಗೇ.”

“ಈ ತುದಿ ನೋಡು. ಬಾಯಿಗೆ ಇಡುವ ತುದಿ. ಇದರ ಮೇಲೆ ಎಲೆಯ ಟೊಪ್ಪಿಗೆ ಅಂಟಿಸಿ ಮುಚ್ಚಿದ್ದಾರೆ. ಕತ್ತರಿಸದೆ ಹೊಗೆ ಎಳೆಯಲು ಆಗದು. ಬಾಯಿ ಹೊಲಿದ ಚೀಲ ಕೊಟ್ಟು ಉಣ್ಣಪ್ಪ ಅಂದಿದ್ದೀಯ. ಪಾಪ, ಒಂದು ವರ್ಷದಿಂದ ಸುಮ್ಮನೆ ಬಾಯಲ್ಲಿಟ್ಟುಕೊಂಡು ಕೂತಿದ್ದಾನೆ.”

ಕಲ್ಲೇಶಿ ನಗಲಿಲ್ಲ. ಮುಖ ಸಣ್ಣದಾಯಿತು.

“ಅಪ್ಪನ ಹತ್ತಿರ ಕತ್ತರಿ ಇತ್ತು, ತಾಯಿ. ಅದು ಅವನ ಜೇಬಿನಲ್ಲೇ ಹೋಯಿತು.”

“ಹಾಗಾದರೆ ನಾಳೆ ಪೇಟೆಗೆ ಹೋಗು. ಒಳ್ಳೆಯ ಸಿಗಾರ್ ಕತ್ತರಿ ಆರಿಸಿ ತಾ.”

ಹಿರಿಯ ಶಿಷ್ಯ ವಿರುಪಯ್ಯ ಬಾಗಿಲಲ್ಲಿ ನಿಂತಿದ್ದರು. ಆಶ್ರಮದ ನಿಯಮಗಳನ್ನು ನೋಡಿಕೊಳ್ಳುವವರು ಅವರು.

“ತಾಯಿ, ಆಶ್ರಮದೊಳಗೆ ಹೊಗೆಸೊಪ್ಪು ಬರಬಾರದು. ಇದು ನೀವೇ ಹಾಕಿದ ನಿಯಮ.”

“ಹೌದು, ನಾನೇ ಹಾಕಿದ್ದು. ಇಲ್ಲಿಗೆ ಬರುವ ಮೊದಲು ಹತ್ತೊಂಬತ್ತು ವರ್ಷ ಹೊಗೆಸೊಪ್ಪಿನ ಷೆಡ್ಡಿನಲ್ಲಿ ಎಲೆ ಸುತ್ತಿದೆ. ಪಕ್ಕದಲ್ಲಿ ಕೂತವರ ಕೆಮ್ಮು ಕೇಳಿದೆ. ಬದುಕಿದವರ ಎದೆಗಾಗಿ ಹಾಕಿದ ನಿಯಮ ಅದು. ಸಮುದ್ರದ ತಳದಲ್ಲಿ ಇರುವವನಿಗೆ ಅದನ್ನು ಓದಿ ಹೇಳುತ್ತೀಯಾ?”

ವಿರುಪಯ್ಯ ಹೊಸ್ತಿಲು ದಾಟಿ ಒಳಗೆ ಬಂದರು. ಆಮೇಲೆ ಕಲ್ಲೇಶಿಯ ಕಡೆ ನೋಡಿದರು.

“ನಿಯಮದ ಮಾತು ಬಿಡಿ. ಬರುವ ತಿಂಗಳು ಇವನಿಗೆ ದೀಕ್ಷೆ. ಅಪ್ಪ ಅವ್ವನನ್ನು ಕತ್ತರಿಸಿಕೊಂಡು ಬಂದವನಿಗೆ ದೀಕ್ಷೆ. ಇವನು ಅಪ್ಪನನ್ನು ಡಬ್ಬಿಯಲ್ಲಿ ಹೊತ್ತುಕೊಂಡು ಬಂದಿದ್ದಾನೆ. ಕತ್ತರಿಸುವುದು ಬೇಡವೇ?”

“ಬೇಕು. ಅದಕ್ಕೇ ಕತ್ತರಿ ತರಲು ಹೇಳಿದೆ.”

ಮರುದಿನ ಕಲ್ಲೇಶಿ ಪೇಟೆಗೆ ಹೋಗಿ ಬಂದ. ಕತ್ತರಿ ಬಂಗಾರದ ಬಣ್ಣದ್ದು. ನಡುವೆ ಸಿಗಾರ್ ತೂರಿಸುವ ತೂತು, ಎರಡು ಬದಿಗೆ ಬೆರಳು ಹಾಕುವ ಬಳೆ. ಬಳೆಗಳನ್ನು ಒತ್ತಿದರೆ ಒಂದು ಅಲಗು ಸರಿದು ತೂತನ್ನು ಮುಚ್ಚುತ್ತಿತ್ತು.

“ಅಂಗಡಿಯಲ್ಲಿ ಇದಕ್ಕಿಂತ ಚೆಂದದ್ದು ಇರಲಿಲ್ಲ, ತಾಯಿ.”

ತಾಯಿ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗಲಗಲ ಅಂದಿತು.

“ಕತ್ತರಿ ತಾ ಅಂದರೆ ಗೆಜ್ಜೆ ತಂದಿದ್ದೀಯ.”

ಕಲ್ಲೇಶಿಗೆ ಅವಮಾನವಾಯಿತು. ಕತ್ತರಿ ಕಿತ್ತುಕೊಂಡು ಒಂದು ಸಿಗಾರ್ ತೂರಿಸಿ ಒತ್ತಿಯೇಬಿಟ್ಟ.

ಅಲಗು ಅರ್ಧಕ್ಕೆ ನಿಂತಿತು. ಅವನು ಇನ್ನೂ ಜೋರಾಗಿ ಒತ್ತಿದ. ಸಿಗಾರ್ ಜಜ್ಜಿಹೋಗಿ ಉದ್ದಕ್ಕೆ ಬಿರಿಯಿತು. ಒಣಗಿದ ಎಲೆ ಪುಡಿಯಾಗಿ ಅವನ ತೊಡೆಯ ಮೇಲೆ ಉದುರಿತು.

ಡಬ್ಬಿಯಲ್ಲಿ ಇನ್ನು ಒಂದೇ ಉಳಿಯಿತು.

ಕಲ್ಲೇಶಿ ಪುಡಿಯನ್ನು ಬೆರಳಿನಿಂದ ಒಟ್ಟುಮಾಡಿದ. ಎಷ್ಟೋ ಹೊತ್ತು ಒಟ್ಟುಮಾಡುತ್ತಲೇ ಇದ್ದ.

“ಸಾಕು, ತಾಯಿ. ವಿರುಪಯ್ಯನವರು ಹೇಳಿದ್ದೇ ಸರಿ. ಉಳಿದದ್ದನ್ನು ಹೊಳೆಗೆ ಬಿಟ್ಟುಬಿಡುತ್ತೇನೆ.”

“ಯಾಕೆ?”

“ಎಡೆ ಇಟ್ಟರೆ ಅಪ್ಪ ಎದ್ದು ಬರುತ್ತಾನೆಯೇ?”

“ಬರುವುದಿಲ್ಲ.”

“ಮತ್ತೆ?”

“ಬರುವುದಿಲ್ಲ ಅಂತ ಕರೆಯುವುದನ್ನೂ ಬಿಡಬೇಕೇ? ಸಾವು ಅವನನ್ನು ಒಯ್ದಿತು. ಕರೆಯುವ ಬಾಯನ್ನೂ ನೀನಾಗಿಯೇ ಅದಕ್ಕೆ ಕೊಡುತ್ತೀಯಾ?”

ಕಲ್ಲೇಶಿ ಡಬ್ಬಿಯ ಮುಚ್ಚಳ ಹಾಕಿದ. ಹೊಳೆಯ ಕಡೆ ಹೋಗಲಿಲ್ಲ.

ತಾಯಿ ಹಿತ್ತಿಲಿನಿಂದ ಒಣ ಬಾಳೆಲೆ ತಂದರು. ನೀರು ಚಿಮುಕಿಸಿ, ಸೀಳಿ, ತೊಡೆಯ ಮೇಲೆ ಇಟ್ಟು ಬಿಗಿಯಾಗಿ ಸುತ್ತತೊಡಗಿದರು. ಕೊನೆಗೆ ಒಂದು ಚೂರು ಎಲೆಯನ್ನು ಗಂಜಿಯಿಂದ ಅಂಟಿಸಿ ತುದಿಗೆ ಟೊಪ್ಪಿಗೆ ಹಾಕಿದರು. ನೋಡುವುದರೊಳಗೆ ಹತ್ತು ಹನ್ನೆರಡು ಬಾಳೆಲೆಯ ಸಿಗಾರ್ ಆದವು. ಕಣ್ಣು ನದಿಯ ಕಡೆ ಇತ್ತು, ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು.

“ಇವನ್ನು ಅಂಗಡಿಗೆ ಒಯ್ಯು. ಗೆಜ್ಜೆ ವಾಪಸು ಕೊಡು. ಒಂದೊಂದೇ ಕತ್ತರಿಯಲ್ಲಿ ಒಂದೊಂದನ್ನು ಕತ್ತರಿಸಿ ನೋಡು.”

“ಅಂಗಡಿಯವನು ನಗುತ್ತಾನೆ.”

“ನಗಲಿ. ಅವನ ಅಪ್ಪನಿಗಲ್ಲವಲ್ಲ.”

“ಏನು ನೋಡಬೇಕು, ತಾಯಿ?”

“ಬಣ್ಣ ನೋಡಬೇಡ. ಅಲಗು ಬೆರಳಿಗೆ ಅಲ್ಲಾಡಬಾರದು. ಒಂದು ಅಲಗಿನದಾದರೆ ಸಿಗಾರನ್ನು ಆಚೆಯ ಗೋಡೆಗೆ ತಳ್ಳಿ ಜಜ್ಜುತ್ತದೆ. ಎರಡು ಅಲಗಿರಲಿ. ಎರಡೂ ಒಟ್ಟಿಗೆ ಹೊರಟು ನಡುವೆ ಭೇಟಿಯಾಗಲಿ. ಕತ್ತರಿಸಿದ ಮುಖವನ್ನು ಹೆಬ್ಬೆರಳಿಂದ ಸವರು. ಎಳೆಯ ಜುಂಗು ತಗುಲಿದರೆ ಆ ಕತ್ತರಿ ಬಿಟ್ಟುಬಿಡು.”

ಅಂಗಡಿಯವನು ನಕ್ಕ.

“ಏನಪ್ಪಾ ಸ್ವಾಮಿ, ಆಶ್ರಮದಲ್ಲಿ ಈಗ ಬಾಳೆಲೆ ಸೇದುತ್ತೀರಾ?”

“ಸೇದುವುದು ಆಮೇಲೆ, ಅಣ್ಣಾ. ಮೊದಲು ಕತ್ತರಿಸುವುದು ಕಲಿಯುತ್ತಿದ್ದೇನೆ.”

ಕಲ್ಲೇಶಿ ಗಾಜಿನ ಪೆಟ್ಟಿಗೆಯಲ್ಲಿದ್ದ ಎಲ್ಲವನ್ನೂ ಕೇಳಿ ಇಳಿಸಿದ. ದಂತದ ಹಿಡಿಯದ್ದು ಎಳೆ ಎಳೆಯಾಗಿ ಹರಿಯಿತು. ಸಿಂಹದ ಮುಖದ್ದು ಸರಿಯುವಾಗಲೇ ಓರೆಯಾಯಿತು. ಇನ್ನೊಂದು ಮೊದಲು ಚೆನ್ನಾಗಿ ಕತ್ತರಿಸಿತು, ಎರಡನೆಯ ಸಲ ಸಿಕ್ಕಿಕೊಂಡಿತು. ಅಂಗಡಿಯವನ ನಗು ನಿಂತಿತು. ಅವನೇ ಒಳಗಿನಿಂದ ಒಂದು ಹಳೆಯದನ್ನು ತಂದ.

“ಇದನ್ನು ಯಾರೂ ಕೇಳುವುದಿಲ್ಲ. ಮಂಕಾಗಿದೆ ಅಂತಾರೆ.”

ಬರಿಯ ಉಕ್ಕು. ಎರಡು ಅಲಗು. ಕಲ್ಲೇಶಿ ಕಿವಿಯ ಹತ್ತಿರ ಅಲ್ಲಾಡಿಸಿದ. ಸದ್ದಿಲ್ಲ. ಒತ್ತಿದ. ಟೊಪ್ಪಿಗೆ ಬಿದ್ದದ್ದು ಕೈಗೆ ತಿಳಿಯಲೇ ಇಲ್ಲ. ಹೆಬ್ಬೆರಳಿಂದ ಸವರಿದ. ನಾಲ್ಕು ಸಲ ಕತ್ತರಿಸಿದ, ನಾಲ್ಕು ಸಲವೂ ಸವರಿದ.

ಅವನು ತಂದ ಕತ್ತರಿಯನ್ನು ತಾಯಿ ಕಿವಿಯ ಹತ್ತಿರ ಅಲ್ಲಾಡಿಸಿ ಕೆಳಗಿಟ್ಟರು. ಉಳಿದ ಒಂದು ಸಿಗಾರಿನ ಪಕ್ಕದಲ್ಲಿ, ಅದಕ್ಕೆ ತಾಗದಂತೆ, ಒದ್ದೆ ಬಟ್ಟೆಯ ತುಂಡು ಇಟ್ಟು ಡಬ್ಬಿ ಮುಚ್ಚಿದರು.

“ಅಮಾವಾಸ್ಯೆಯವರೆಗೆ ತೆಗೆಯಬೇಡ. ಒಣಗಿದ ಎಲೆ ಒಳ್ಳೆಯ ಕತ್ತರಿಗೂ ಬಿರಿಯುತ್ತದೆ. ಮೆತ್ತಗಾಗಲಿ.”

“ಎಷ್ಟು ಕತ್ತರಿಸಬೇಕು, ತಾಯಿ?”

ತಾಯಿ ಒಂದು ಬಾಳೆಲೆಯ ಸಿಗಾರ್ ಎತ್ತಿಕೊಂಡರು. ಟೊಪ್ಪಿಗೆ ಮುಗಿಯುವ ಗೆರೆಯನ್ನು ಉಗುರಿನಿಂದ ತೋರಿಸಿದರು. ಆಮೇಲೆ ಬೇಕೆಂದೇ ಆ ಗೆರೆಯ ಕೆಳಗೆ ಕತ್ತರಿಸಿದರು.

ಸುತ್ತಿದ ಎಲೆ ಬಿಚ್ಚಿಕೊಳ್ಳತೊಡಗಿತು. ಸುತ್ತು ಸುತ್ತಾಗಿ ಬಿಚ್ಚಿ, ಕೊನೆಗೆ ಅವರ ಕೈಯಲ್ಲಿ ಬರಿಯ ಚಿಂದಿ ಉಳಿಯಿತು. ಅದನ್ನು ಕಲ್ಲೇಶಿಯ ಕೈಗೆ ಕೊಟ್ಟು ಎದ್ದು ಹೋದರು.

ಅಮಾವಾಸ್ಯೆಯ ಬೆಳಿಗ್ಗೆ ಕಲ್ಲೇಶಿ ಬಾಳೆಲೆ ಹಿಡಿದು ಬೇಲಿಯ ಹೊರಗೆ ಹೊರಟ.

“ಎಲ್ಲಿಗೆ?” ತಾಯಿ ಕೇಳಿದರು.

“ಹೊರಗೆ ಇಡುತ್ತೇನೆ, ತಾಯಿ. ನಿಮಗೆ ತೊಂದರೆ ಬೇಡ.”

“ನಿನ್ನ ಅಪ್ಪ ಕಳ್ಳನೇ, ಬೇಲಿಯ ಹೊರಗೆ ನಿಂತು ಉಣ್ಣಲು? ಇಲ್ಲಿ ಹಾಸು.”

ತಾವು ಕೂರುವ ಕಟ್ಟೆಯ ಮುಂದಿನ ನೆಲವನ್ನು ತಾವೇ ಸಾರಿಸಿದ್ದರು.

ಕಲ್ಲೇಶಿ ಎಲೆ ಹಾಸಿದ. ಅನ್ನ, ಮೀನಿನ ಸಾರು, ಒಂದು ಲೋಟ ಕರಿ ಚಹಾ. ಮೀನಿನ ವಾಸನೆಗೆ ಇಬ್ಬರು ಶಿಷ್ಯರು ಎದ್ದು ಹೋದರು. ತಾಯಿ ಅವರನ್ನು ಕರೆಯಲೂ ಇಲ್ಲ, ಕಲ್ಲೇಶಿಯನ್ನು ತಡೆಯಲೂ ಇಲ್ಲ. ವಿರುಪಯ್ಯ ಕೈಕಟ್ಟಿ ನಿಂತಿದ್ದರು.

ಕಲ್ಲೇಶಿ ಡಬ್ಬಿ ತೆರೆದ. ಸಿಗಾರ್ ಮೆತ್ತಗಾಗಿತ್ತು. ಕತ್ತರಿಗೆ ತೂರಿಸಿದ. ಕತ್ತರಿ ಕೆಳಗಿಟ್ಟು, ಬೆರಳು ಒರೆಸಿಕೊಂಡು, ಮತ್ತೆ ತೆಗೆದುಕೊಂಡ. ಗೆರೆ ನೋಡಿದ. ಇನ್ನೊಮ್ಮೆ ನೋಡಿದ.

ಒತ್ತಿದ.

ಟೊಪ್ಪಿಗೆ ನೆಲಕ್ಕೆ ಬಿತ್ತು. ಎಲೆ ಬಿಚ್ಚಲಿಲ್ಲ. ಅವನು ಕತ್ತರಿಸಿದ ಮುಖವನ್ನು ಹೆಬ್ಬೆರಳಿಂದ ಸವರಿದ.

ಇನ್ನೊಂದು ತುದಿಯನ್ನು ದೀಪಕ್ಕೆ ಹಿಡಿದು, ಅದು ಹತ್ತಿಕೊಂಡ ಮೇಲೆ ಬಾಳೆಲೆಯ ಅಂಚಿನಲ್ಲಿ ಇಟ್ಟ. ಹೊಗೆ ಎದ್ದಿತು.

“ಬಾ, ಅಪ್ಪಾ,” ಅಂದ. ದನಿ ಒಡೆಯಿತು. ಆದರೂ ಎರಡನೆಯ ಸಲ, ಇನ್ನೂ ಜೋರಾಗಿ ಕರೆದ.

ಹೊಗೆ ಕಟ್ಟೆಯನ್ನು ದಾಟಿ ಆಶ್ರಮದ ಒಳಗೆಲ್ಲ ಹೋಯಿತು.

ವಿರುಪಯ್ಯ ಸೆರಗಿನಂತೆ ಹೊದ್ದ ಬಟ್ಟೆಯಿಂದ ಮೂಗು ಮುಚ್ಚಿಕೊಂಡರು.

“ದೀಕ್ಷೆಯ ದಿನ ನಾನು ಕೇಳಿಯೇ ಕೇಳುತ್ತೇನೆ, ತಾಯಿ. ಇವನು ಅಪ್ಪನನ್ನು ಕತ್ತರಿಸಿದನೇ ಇಲ್ಲವೇ?”

ತಾಯಿ ಬಗ್ಗಿ ನೆಲದಿಂದ ಟೊಪ್ಪಿಗೆ ಎತ್ತಿಕೊಂಡರು. ಕಿರುಬೆರಳಿನ ಉಗುರಿನಷ್ಟಿತ್ತು. ಅದನ್ನು ವಿರುಪಯ್ಯನವರ ಅಂಗೈಯಲ್ಲಿ ಇಟ್ಟರು.

“ತಗೋ, ಕತ್ತರಿಸಿದ್ದಾನೆ. ಇದಕ್ಕಿಂತ ಒಂದೆಳೆ ಹೆಚ್ಚು ಕತ್ತರಿಸಲು ನಾನು ಬಿಡುವುದಿಲ್ಲ.”