ಹುಳುಮನೆಯ ಬಟ್ಟಲುಗಳು

“ಗುರುಗಳೇ, ಕೋಪ ಹತ್ತಿರ ಸುಳಿಯದಂತೆ ಮಾಡುವ ಇನ್ನೊಂದು ಮಂತ್ರವಿದ್ದರೆ ಕೊಡಿ.”

ಹೀಗೆ ಕೇಳಿದವನು ಗುರುಮಲ್ಲ. ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಬರುವ ಸೋಮವಾರ ಅವನಿಗೆ ದೀಕ್ಷೆ ಎಂದು ಗೊತ್ತುಮಾಡಿದ್ದರು. ಆದರೆ ಹಿಂದಿನ ದಿನ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅವನು ಅಡುಗೆಯವನ ಮೇಲೆ ಸೌಟು ಎಸೆದಿದ್ದ. ಸೌಟು ಗೋಡೆಗೆ ಬಡಿದದ್ದರಿಂದ ಅಡುಗೆಯವನ ತಲೆ ಉಳಿಯಿತು. ಇಂಥ ಕೈಗೆ ದೀಕ್ಷೆ ಕೊಡಬಹುದೇ ಎಂಬ ಹೆದರಿಕೆ ಈಗ ಗುರುಮಲ್ಲನನ್ನೇ ಹಿಡಿದಿತ್ತು.

“ಮೊದಲು ಕೊಟ್ಟ ಮಂತ್ರ ಏನಾಯಿತಯ್ಯಾ?” ಎಂದರು ಗುರುಗಳು.

“ಜಪಕ್ಕೆ ಕೂತಷ್ಟು ಹೊತ್ತು ಕೋಪ ಬರುವುದಿಲ್ಲ. ಎದ್ದು ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಬಂದಿರುತ್ತದೆ. ನಾನು ಮಾಡದೆ ಉಳಿಸಿದ್ದು ಏನೂ ಇಲ್ಲ. ಖಾರ ಬಿಟ್ಟೆ. ಹಗಲು ನಿದ್ದೆ ಬಿಟ್ಟೆ. ಮನಸ್ಸು ಕಲಕದಿರಲೆಂದು ನಮ್ಮಣ್ಣನ ಜೊತೆ ಮಾತು ಬಿಟ್ಟೆ. ಅವನು ಎರಡು ಸಲ ಮಠದ ಬಾಗಿಲಿಗೆ ಬಂದ, ನಾನು ಹೊರಗೆ ಹೋಗಲಿಲ್ಲ. ಜಪವನ್ನು ಎರಡರಷ್ಟು ಮಾಡಿದೆ. ಆದರೂ ಇದು ಹೋಗುತ್ತಿಲ್ಲ. ನಾನು ಸೋಲುವವನಲ್ಲ. ಇನ್ನೊಂದು ಕೊಡಿ.”

ಗುರುಗಳು ಅವನ ಹೆಗಲ ಮೇಲಿನ ಟವೆಲನ್ನು ನೋಡಿದರು. ಅದಕ್ಕೆ ಸೊಳ್ಳೆ ಓಡಿಸುವ ಹೆಬ್ಬೆಟ್ಟಿನಗಲದ ಸ್ಟಿಕ್ಕರ್ ಒಂದು ಅಂಟಿತ್ತು. ಮಠದ ಹಿಂದೆಯೇ ನಾಲೆ ಇದ್ದುದರಿಂದ ಸೊಳ್ಳೆ ಕಾಟ ಇದ್ದೇ ಇತ್ತು.

“ಇದು ಕೆಲಸ ಮಾಡುತ್ತದೆಯೇ?”

“ವಾಸನೆ ಇರುವಷ್ಟು ಹೊತ್ತು ಮಾಡುತ್ತದೆ.”

“ಭಲೆ! ಹಾಗಾದರೆ ಕೂತುಕೋ. ಮಂತ್ರ ಎಲ್ಲಿಗೂ ಓಡಿಹೋಗುವುದಿಲ್ಲ” ಎಂದು ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ರೇಷ್ಮೆಹುಳು ಸಾಕುವ ಹೆಂಗಸೊಬ್ಬಳಿದ್ದಳು. ಗಂಡ ತೀರಿಕೊಂಡಿದ್ದ. ಅವಳಿಗೆ ಒಬ್ಬಳೇ ಮಗಳು. ಏಳು ತಿಂಗಳು ತುಂಬಿದ ಮೇಲೆ ಆ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಅದೇ ವಾರ ಊರಿನಲ್ಲಿ ಡೆಂಗಿ ಕಾಣಿಸಿಕೊಂಡಿತು. ಅದು ಸೊಳ್ಳೆ ಕಚ್ಚಿ ಬರುವ ಜ್ವರ. ಬಸುರಿಗೆ ಬಂದರೆ ತಾಯಿಗೂ ಕಷ್ಟ, ಮಗುವಿಗೂ ಕಷ್ಟ ಎಂದು ಡಾಕ್ಟರು ಎಚ್ಚರಿಸಿದರು. “ನನ್ನ ಮಗಳ ಮೈಮೇಲೆ ಒಂದೇ ಒಂದು ಸೊಳ್ಳೆ ಕೂತರೆ ಆಗ ಕೇಳಿ” ಎಂದು ಈ ತಾಯಿ ಅವರ ಎದುರಿಗೇ ಹೇಳಿ ಬಂದಳು. ನಿನ್ನ ಹಾಗೆಯೇ, ಸೋಲುವವಳಲ್ಲ.

ಆದರೆ ಹುಳು ಸಾಕುವ ಮನೆಯ ಕಟ್ಟುಪಾಡು ಬೇರೆ. ಅಲ್ಲಿ ಸೊಳ್ಳೆಬತ್ತಿ ಹಚ್ಚುವಂತಿಲ್ಲ. ಔಷಧಿ ಹೊಡೆಯುವಂತಿಲ್ಲ. ಊದುಕಡ್ಡಿ ಕೂಡ ಬೇಡ. ಹೊಗೆಯೋ ಘಾಟೋ ತಗುಲಿದರೆ ಹುಳು ಮೇವು ಬಿಡುತ್ತದೆ, ಸಾಯುತ್ತದೆ. ಹುಳುವಿನ ಕೋಣೆಗೆ ಹೋಗುವ ಹೆಂಗಸು ಮುಡಿದ ಹೂವನ್ನು ಹೊಸಿಲಾಚೆ ತೆಗೆದಿಟ್ಟು, ಕೈಕಾಲು ತೊಳೆದು ಹೋಗುತ್ತಾಳೆ. ಹೊರಗಿನವರನ್ನಂತೂ ಒಳಗೆ ಬಿಡುವುದೇ ಇಲ್ಲ. ರೋಗ ತರುತ್ತಾರೆ, ಕಣ್ಣು ಹಾಕುತ್ತಾರೆ ಎಂಬ ಭಯ.

ಹೀಗಾಗಿ ಅವಳು ಸ್ಟಿಕ್ಕರ್ ತಂದಳು. ಮಗಳ ಸೆರಗಿಗೆ ಒಂದು, ರವಿಕೆಯ ತೋಳಿಗೆ ಒಂದು, ಸೀರೆಯ ಅಂಚಿಗೆ ಎರಡು. “ಅಮ್ಮಾ, ನಾನೇನು ಬಸ್ಸಿಗೆ ಹಾಕೋ ಲಗೇಜಾ, ಹಿಂಗೆ ಚೀಟಿ ಅಂಟಿಸ್ತಿದ್ದೀಯಲ್ಲ?” ಎಂದು ಮಗಳು ನಕ್ಕಳು. ತಾಯಿ ನಗಲಿಲ್ಲ. ತನ್ನ ಸೆರಗಿಗೂ ಒಂದು ಅಂಟಿಸಿಕೊಂಡಳು. ಹುಳುವಿನ ಕೋಣೆಯ ಹೊಸಿಲಿಗೆ ಬಂದಾಗ ಮಾತ್ರ ಅದನ್ನು ಕಿತ್ತು ಹೊರಗಿನ ಗೋಡೆಗೆ ಅಂಟಿಸಿ ಒಳಗೆ ಹೋಗುತ್ತಿದ್ದಳು. ಒಳಗೆ ಕಾಲಿಟ್ಟ ಕೂಡಲೇ ಸೊಳ್ಳೆಗಳು ಮುತ್ತುತ್ತಿದ್ದವು. ‘ನನ್ನನ್ನು ಕಚ್ಚಿಕೊಂಡು ಹಾಳಾಗಿಹೋಗಲಿ, ಮಗಳನ್ನು ಬಿಟ್ಟರೆ ಸಾಕು’ ಎಂದುಕೊಂಡು ಸೊಪ್ಪು ಹಾಕಿ ಬರುತ್ತಿದ್ದಳು. ಈ ಕೋಣೆಯಲ್ಲೇ ಯಾಕೆ ಇಷ್ಟೊಂದು ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸ್ಟಿಕ್ಕರಿನ ವಾಸನೆ ಇಳಿಯುತ್ತಿತ್ತು. ಅವಳು ಹೊಸದು ಅಂಟಿಸುತ್ತಿದ್ದಳು. ನಾಲ್ಕು ಇದ್ದದ್ದು ಎಂಟಾಯಿತು. ಸೊಳ್ಳೆ ಕಡಿಮೆಯಾಗಲಿಲ್ಲ. ಆಗ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಬೀದಿಗಿಳಿದಳು. ಹಳೇ ಟೈರಿನ ನೀರು ಚೆಲ್ಲಿದಳು. ತೆಂಗಿನ ಚಿಪ್ಪು ಬೋರಲು ಹಾಕಿದಳು. ಪಕ್ಕದ ಮನೆಯವನು ಎಮ್ಮೆ ಕಟ್ಟಿದ್ದ. ಅವನ ಬಾಗಿಲಿಗೆ ಹೋಗಿ, “ನಿನ್ನ ಎಮ್ಮೆ ನೀರು ಕುಡಿಯೋ ಬಾನೀಲೇ ಹುಟ್ಟೋದು ಇವೆಲ್ಲಾ. ನನ್ನ ಮಗಳಿಗೆ ಏನಾದರೂ ಆದರೆ ನಿನ್ನನ್ನು ಸುಮ್ಮನೆ ಬಿಡಲ್ಲ” ಎಂದು ಕೂಗಾಡಿದಳು. ಅವನು, “ದಿನಾ ಬೆಳಿಗ್ಗೆ ಬಗ್ಗಿಸಿ, ತಿಕ್ಕಿ ತೊಳೆದು ಬೇರೆ ನೀರು ಹಾಕ್ತೀನಿ ಕಣಕ್ಕಾ” ಎಂದ. ಅವಳಿಗೆ ಅದು ಕಿವಿಗೇ ಬೀಳಲಿಲ್ಲ. ಅಂದಿನಿಂದ ಅವನ ಜೊತೆ ಮಾತು ನಿಂತಿತು.

ಮನೆ ಮನೆ ನೋಡುತ್ತಾ ಆಶಾ ಕಾರ್ಯಕರ್ತೆ ಅವಳ ಮನೆಗೂ ಬಂದಳು. ಒಳಗೆ ಎಲ್ಲಾದರೂ ನೀರು ನಿಂತಿದೆಯೇ ಎಂದು ಕೇಳಿದಳು. “ನಮ್ಮನೇಲಿ ಒಂದು ತೊಟ್ಟು ನೀರು ನಿಂತಿಲ್ಲ. ಬೇಕಾದರೆ ಬಚ್ಚಲು ನೋಡ್ಕೊಂಡು ಹೋಗಿ. ಹುಳುವಿನ ಕೋಣೆ ಮಾತ್ರ ತೆಗೆಯಲ್ಲ” ಎಂದಳು ಈ ತಾಯಿ. ಬಚ್ಚಲು ಒಣಗಿತ್ತು. ಕಾರ್ಯಕರ್ತೆ ಹೊರಟುಹೋದಳು.

ಎರಡು ವಾರ ಕಳೆದ ಮೇಲೆ ಮಗಳಿಗೆ ಜ್ವರ ಬಂತು. ರಕ್ತ ಪರೀಕ್ಷೆ ಮಾಡಿ ಡೆಂಗಿ ಎಂದರು. ಆಸ್ಪತ್ರೆಯ ಮಂಚದ ಮೇಲೆ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ಅಮ್ಮಾ, ಮಗು ಬೆಳಿಗ್ಗೆಯಿಂದ ಒದ್ದಿಲ್ಲ” ಎಂದಳು. ಸುದ್ದಿ ತಿಳಿದು ಬಂದಿದ್ದ ಅಳಿಯನನ್ನು ಅವಳ ಹತ್ತಿರ ಕೂರಿಸಿ, ತಾಯಿ ಅಲ್ಲಿಂದ ನೆಟ್ಟಗೆ ಆಶಾ ಕಾರ್ಯಕರ್ತೆಯ ಮನೆಗೆ ನಡೆದಳು. “ಬಾರವ್ವ, ಎಲ್ಲಾ ಕೋಣೆ ನೋಡು. ಹುಳು ಹೋದರೆ ಹೋಗಲಿ. ಮಗಳು ಮನೆಗೆ ಬರೋ ಹೊತ್ತಿಗೆ ಇವು ಎಲ್ಲಿಂದ ಬರ್ತವೆ ಅಂತ ನನಗೆ ಗೊತ್ತಾಗಬೇಕು” ಎಂದಳು.

ಕಾರ್ಯಕರ್ತೆ ಕೈಕಾಲು ತೊಳೆದು ಕೋಣೆಯೊಳಗೆ ಬಂದಳು. ಮೇಲಿನ ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮೇಯುತ್ತಿದ್ದವು. ಅವಳು ಮೇಲೆ ನೋಡಲಿಲ್ಲ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು. ತಟ್ಟೆ ಜೋಡಿಸಿದ್ದ ಸ್ಟ್ಯಾಂಡುಗಳು ಆರು. ಒಂದೊಂದಕ್ಕೆ ನಾಲ್ಕು ಕಾಲು. ಪ್ರತಿ ಕಾಲಿನಡಿಯಲ್ಲೂ ಒಂದು ನೀರಿನ ಬಟ್ಟಲು. ಇರುವೆ ಕಾಲು ಹತ್ತಿಕೊಂಡು ಹೋಗಿ ಹುಳುವನ್ನು ತಿನ್ನದಿರಲೆಂದು ಸಾಕುವವರೆಲ್ಲ ಹೀಗೆ ಬಟ್ಟಲಿಡುತ್ತಾರೆ. ಒಮ್ಮೆ ತುಂಬಿಸಿಟ್ಟ ನೀರನ್ನು ಈ ಹೆಂಗಸು ಎಂದೂ ಚೆಲ್ಲಿದವಳಲ್ಲ. ಹುಳುವಿನ ಒಂದು ಬೆಳೆ ಮುಗಿದು ಇನ್ನೊಂದು ಬಂದರೂ ಅದೇ ನೀರು. ಕಡಿಮೆಯಾದರೆ ಮೇಲಿಂದ ಒಂದಿಷ್ಟು ಹೊಯ್ಯುವಳು. ನಮ್ಮ ಮನೆಯಲ್ಲಿ ನೀರು ನಿಂತಿಲ್ಲ ಎಂದಾಗ ಅವಳು ಸುಳ್ಳು ಹೇಳಿರಲಿಲ್ಲ. ಅವಳ ಕಣ್ಣಿಗೆ ಅದು ನೀರೇ ಆಗಿರಲಿಲ್ಲ, ಕಾವಲಾಗಿತ್ತು.

ಕಾರ್ಯಕರ್ತೆ ಬಟ್ಟಲಿಗೆ ಟಾರ್ಚು ಬಿಟ್ಟಳು. ಕರೀ ದಾರದ ತುಂಡಿನಂಥವು ನೀರು ತುಂಬ ಕುಣಿಯುತ್ತಿದ್ದವು.

“ಅಮ್ಮಾ, ಮೇಲೆ ಒಂದು ಹುಳು ಸಾಕಿದ್ದೀರಿ, ಕೆಳಗೆ ಇನ್ನೊಂದು ಸಾಕಿದ್ದೀರಿ” ಎಂದಳು.

ಹೆಂಗಸು ಅವಳ ಪಕ್ಕ ಕೂತು ಬಟ್ಟಲಿನೊಳಗೆ ನೋಡಿದಳು. “ಅಯ್ಯೋ, ನನ್ನ ಕೈಯಾರೆ ನೀರು ಹೊಯ್ದೆನಲ್ಲೋ ಶಿವನೇ!” ಎಂದು ಅತ್ತಳು. ಅತ್ತದ್ದು ಸ್ವಲ್ಪ ಹೊತ್ತು. ಆಮೇಲೆ ಮೂಗು ಒರೆಸಿಕೊಂಡು ಎದ್ದಳು. ಬಟ್ಟಲು ತೆಗೆದುಹಾಕಿದರೆ ಇರುವೆ ಬರುತ್ತದೆ. ಇಟ್ಟ ಹಾಗೇ ಇಟ್ಟರೆ ಸೊಳ್ಳೆ ಬರುತ್ತದೆ. ಅವಳು ಹಳೇ ಪಂಚೆಯ ತುಂಡನ್ನು ಬಟ್ಟಲಿಗೆ ಅದ್ದಿ ನೀರು ಹೀರಿಸಿದಳು. ಬಕೆಟ್ಟಿಗೆ ಹಿಂಡಿ, ಅಂಗಳದ ಕಾದ ಮಣ್ಣಿಗೆ ಚೆಲ್ಲಿದಳು. ಅಂಚಿಗಂಟಿದ ಮೊಟ್ಟೆ ಹೋಗುವ ಹಾಗೆ ಬಟ್ಟಲನ್ನು ಸುತ್ತಲೂ ತಿಕ್ಕಿ ಹೊಸ ನೀರು ಹೊಯ್ದಳು. ಇಪ್ಪತ್ತನಾಲ್ಕು ಬಟ್ಟಲು. ಮೂರು ದಿನಕ್ಕೊಮ್ಮೆ ಇಪ್ಪತ್ತನಾಲ್ಕೂ. ಸೊಂಟ ಹಿಡಿದುಕೊಂಡಿತು, ಬಿಡಲಿಲ್ಲ. ರೇಷ್ಮೆಗೂಡು ಬಿಡಿಸುವವರೆಗೂ ಮಾಡಿದಳು, ಮುಂದಿನ ಬೆಳೆಗೂ ಮಾಡಿದಳು.

ಮೊದಲ ದಿನ ಬಟ್ಟಲು ತಿಕ್ಕಿ ಮುಗಿಸಿದವಳು ಕೈ ಕೂಡ ಒರೆಸಿಕೊಳ್ಳದೆ ಪಕ್ಕದ ಮನೆಗೆ ಹೋದಳು. “ನಿನ್ನನ್ನು ಬೈದದ್ದು ನನ್ನ ತಪ್ಪು ಕಣಣ್ಣಾ. ಸೊಳ್ಳೆ ನನ್ನ ಮನೇಲೇ ಇತ್ತು” ಎಂದಳು. ಅವನು ಹಾಲು ಕರೆಯುವುದನ್ನು ನಿಲ್ಲಿಸಿ, ಮಗಳು ಹೇಗಿದ್ದಾಳೆ ಎಂದು ಕೇಳಿದ.

ಮಗಳ ಜ್ವರ ಆರನೇ ದಿನ ಇಳಿಯಿತು. ಮಗು ಮತ್ತೆ ಒದೆಯತೊಡಗಿತ್ತು. ತಾಯಿ ಅವಳನ್ನು ಮನೆಗೆ ಕರೆತಂದು ಸೆರಗಿಗೆ ಒಂದು ಸ್ಟಿಕ್ಕರ್ ಅಂಟಿಸಿದಳು. ಮೊದಲೇ ಹುಟ್ಟಿ ಹಾರಾಡುತ್ತಿದ್ದ ಸೊಳ್ಳೆಗಳು ಇನ್ನೂ ಉಳಿದಿದ್ದವು. ಸ್ವಲ್ಪ ದಿನಕ್ಕೆ ಅವೂ ಮುಗಿದವು.

ಗುರುಗಳು ಕತೆ ನಿಲ್ಲಿಸಿದರು.

ಗುರುಮಲ್ಲನ ಮುಖ ಅರಳಿತು. “ತಿಳಿಯಿತು ಗುರುಗಳೇ! ಮಂತ್ರ ಎಷ್ಟಿದ್ದರೂ ಮೇಲಿನ ಸ್ಟಿಕ್ಕರೇ. ಕೋಪ ಹುಟ್ಟುವ ಜಾಗ ಹುಡುಕಿ ತೊಳೆಯಬೇಕು. ಇವತ್ತಿನಿಂದಲೇ ಶುರು ಮಾಡುತ್ತೇನೆ. ಮೊದಲು ಆ ಅಡುಗೆಯವನಿಂದ ದೂರ ಇರುತ್ತೇನೆ. ಅವನ ಜೊತೆಯೂ ಮಾತು ಬಿಡುತ್ತೇನೆ. ಇನ್ನೆಲ್ಲಿ ಹುಡುಕಲಿ, ಹೇಳಿ.”

ಗುರುಗಳು ಅವನ ಹೆಗಲಿನ ಟವೆಲಿನಿಂದ ಸ್ಟಿಕ್ಕರನ್ನು ಮೆಲ್ಲಗೆ ಕಿತ್ತು ಅವನ ಅಂಗೈಯಲ್ಲಿಟ್ಟರು.

“ನಿಮ್ಮಣ್ಣ ಒಳಗೆ ಬಾರದಿರಲೆಂದು ನೀನು ಇಟ್ಟ ಬಟ್ಟಲಿನ ನೀರಿಗೆ ಈಗ ಎಷ್ಟು ವರ್ಷ, ಗುರುಮಲ್ಲ?”