ಏರಿನ ಮೇಲೆ ಗಾಣದ ಕಲ್ಲು

"ಗುರುಗಳೇ, ಮನೆ ಬಿಟ್ಟು ಹೊರಡಬೇಕೆಂದು ಏಳುತ್ತೇನೆ. ಏನೋ ಒಂದು ಹಿಡಿದು ಕೂರಿಸುತ್ತದೆ. ಮನೆಯವರ ಮೊರೆ, ಹಳೆಯ ಅಭ್ಯಾಸ, ನಾಚಿಕೆ. ಇದನ್ನೆಲ್ಲ ಒಂದೇ ಏಟಿಗೆ ಕಳಚಿಕೊಳ್ಳುವ ಉಪಾಯ ಯಾವುದು?" ಎಂದು ಶಿಷ್ಯ ಕೇಳಿದ. ಕೇಳುವಾಗಲೂ ಬಾಗಿಲಿಗೂ ಕಂಬಕ್ಕೂ ಓಡಾಡುತ್ತಿದ್ದ.

"ಕುಳಿತುಕೋ. ಕೂರಲಾರೆಯಾದರೆ ನಿಂತೇ ಕೇಳು" ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಗಾಣಿಗನಿದ್ದ. ದಿಬ್ಬದ ಮೇಲೆ ಹೊಸ ಮನೆ ಕಟ್ಟಿಸಿದ. ಗಾಣದ ಕಲ್ಲೊರಳನ್ನು ಅಲ್ಲಿಗೆ ಸಾಗಿಸಬೇಕಿತ್ತು. ಸೂರ್ಯ ಮುಳುಗುವುದರೊಳಗೆ ನೆಡಬೇಕೆಂದು ಮುಹೂರ್ತ ಬೇರೆ ಇಡಿಸಿದ್ದ. ಏರಿನುದ್ದಕ್ಕೂ ಹಲಗೆ ಹಾಸಿ, ಒರಳಿಗೆ ಹಗ್ಗ ಬಿಗಿದು, ಎತ್ತು ಹೂಡಿದ. ಕಲ್ಲಿನ ಹಿಂದೆ ನಿಂತು ಅವನ ತಮ್ಮ ಸನ್ನೆಗೋಲು ಹಾಕಿ ಮೀಟುತ್ತಿದ್ದ.

ಎತ್ತುಗಳು ಎಳೆದಷ್ಟೂ ಒರಟು ಹಲಗೆ ಕಲ್ಲನ್ನು ಕಚ್ಚಿ ಹಿಡಿಯುತ್ತಿತ್ತು. ಕಲ್ಲು ಮೊಳದಷ್ಟು ಸರಿಯುವುದು, ನಿಲ್ಲುವುದು. ಎತ್ತುಗಳು ಸುಧಾರಿಸಿಕೊಳ್ಳುವುದು, ಮತ್ತೆ ಎಳೆಯುವುದು. ಹೊತ್ತು ಇಳಿಯುತ್ತಿತ್ತು. ಗಾಣಿಗನಿಗೆ ಕೆಂಡದ ಮೇಲೆ ನಿಂತ ಹಾಗಾಯಿತು.

ಆತುರಗಾರನಿಗೆ ಬುದ್ಧಿ ಮಟ್ಟ. ಬೇರೆ ಯಾರಾದರೂ ಆಗಿದ್ದರೆ ಇನ್ನೆರಡು ಎತ್ತು ಕೇಳಿ ತರುತ್ತಿದ್ದರು. ಇವನು ಗಾಣಿಗ, ಎಣ್ಣೆಗೇನು ಬರ? ಗಡಿಗೆಗಟ್ಟಲೆ ತಂದು ಮುಂದಿನ ಹಲಗೆಗಳ ಮೇಲೆಲ್ಲ ಸುರಿದ.

"ಅಣ್ಣಾ, ಬೇಡ. ಎತ್ತು ನಿಂತಾಗ ಕಲ್ಲನ್ನು ಹಿಡಿಯುವವರು ಯಾರು?" ಎಂದು ತಮ್ಮ ಕೂಗಿದ.

"ನಿಂತರೆ ತಾನೆ ಆ ಮಾತು! ನೀನು ಮೀಟು."

ತಮ್ಮ ಮೀಟಿದ. ಕಲ್ಲು ಎಣ್ಣೆ ಹಲಗೆಗೆ ಹತ್ತಿ ಸರ್ರನೆ ಏರಿತು. ಗಾಣಿಗ ಹಿಗ್ಗಿಹೋದ. ಆದರೆ ಎತ್ತುಗಳಿಗೆ ಮುಹೂರ್ತ ಗೊತ್ತಿಲ್ಲ. ಅವು ದಣಿದು ನಿಂತವು.

ಕಲ್ಲು ಹಿಂದಕ್ಕೆ ಜಾರತೊಡಗಿತು. ಎತ್ತುಗಳನ್ನೂ ಎಳೆದುಕೊಂಡೇ ಜಾರಿತು. ಅಷ್ಟು ಹೊತ್ತು ಮೇಲೆ ಹೋಗಗೊಡದೆ ಸತಾಯಿಸಿದ ಆ ಒರಟೇ, ಎತ್ತು ನಿಂತಾಗಲೆಲ್ಲ ಕಲ್ಲನ್ನು ಕೆಳಗೂ ಹೋಗಗೊಡದೆ ಹಿಡಿದಿತ್ತು. ಈಗ ಅದಿರಲಿಲ್ಲ. ತಮ್ಮ ಸನ್ನೆಗೋಲನ್ನು ಅಡ್ಡ ಕೊಟ್ಟ. ಎಣ್ಣೆಯಲ್ಲಿ ಅದೂ ಜಾರಿತು. ಗಾಣಿಗ ಓಡಿ ಬರುವಷ್ಟರಲ್ಲಿ ತಮ್ಮ ಕಲ್ಲಿನ ಅಡಿಯಲ್ಲಿದ್ದ.

ಆಮೇಲೆ ಆ ಕಲ್ಲನ್ನು ನೆಟ್ಟರೋ ಇಲ್ಲವೋ, ಕೇಳುವ ಮನಸ್ಸು ನನಗೆ ಬರಲಿಲ್ಲ.

ಕತೆ ಮುಗಿಯಿತು. ಶಿಷ್ಯ ತಡೆಯಲಾರದೆ ಕೇಳಿದ: "ಹಾಗಾದರೆ ನಾನು ಹೊರಡುವುದೇ ಬೇಡವೇ?"

ಗುರುಗಳು ಹೇಳಿದರು: "ಹೊರಡು, ಮೊದಲು ಒಮ್ಮೆ ತಿರುಗಿ ನೋಡು, ನಿನ್ನ ಕಲ್ಲಿನ ಹಿಂದೆ ಯಾರು ನಿಂತಿದ್ದಾರೆ ಎಂದು."