ಗೊಬ್ಬರದ ಗುಂಡಿಗೆ ಬಿದ್ದ ಸಾವಯವ ಕವರು

ಹೊಂಬಾಳಮ್ಮನ ಗೊಬ್ಬರದ ಗುಂಡಿಗೆ ಒಂದೇ ದಿನ ಕೊಳೆತ ಬದನೆಕಾಯಿಯೊಂದೂ ಖಾಲಿ ಪ್ಲಾಸ್ಟಿಕ್ ಕವರೊಂದೂ ಬಿದ್ದವು. ಕವರಿನ ಮೈಮೇಲೆ ಹಸಿರು ಅಕ್ಷರದಲ್ಲಿ 'ಸಾವಯವ' ಎಂದು ಬರೆದಿತ್ತು.

ಗುಂಡಿಯ ಹಿರಿಯ ಎರೆಹುಳು ಬಂದು, "ಮೂರು ತಿಂಗಳಿಗೆ ಗುಂಡಿ ಮಗುಚುತ್ತಾರೆ. ಅಷ್ಟರಲ್ಲಿ ಮಣ್ಣಾಗದವರು ಬೆಂಕಿಗೆ," ಎಂದಿತು.

"ನನಗೇನು ಭಯ?" ಎಂದಿತು ಕವರು. "ಅಂಗಡಿಯವರೇ ನನ್ನನ್ನು ಸಾವಯವ ಎಂದಿದ್ದಾರೆ. ರಸಾಯನಶಾಸ್ತ್ರದ ಪುಸ್ತಕವೂ ಪ್ಲಾಸ್ಟಿಕ್ಕನ್ನು ಸಾವಯವದ ಸಾಲಿಗೇ ಸೇರಿಸಿದೆ. ಬೇಕಾದರೆ ಓದಿಕೊಳ್ಳಿ."

"ಇರಬಹುದು, ಸ್ವಾಮಿ. ಆದರೆ ನನಗೆ ಕಣ್ಣಿಲ್ಲ, ಬಾಯಿ ಮಾತ್ರ ಇದೆ." ಎರೆಹುಳು ಕವರಿನ ಅಂಚಿಗೆ ಬಾಯಿ ಹಾಕಿ ನೋಡಿ ಹಿಂದೆ ಸರಿಯಿತು.

ಬದನೆಕಾಯಿ ತನ್ನ ಮೈಯನ್ನೆಲ್ಲ ನೋಡಿಕೊಂಡಿತು. "ನನ್ನ ಮೈಮೇಲೆ ಒಂದಕ್ಷರವೂ ಇಲ್ಲವಲ್ಲ! ನನ್ನ ಗತಿ?"

"ನಿನ್ನ ಒಂದು ಬದಿ ಆಗಲೇ ನನ್ನ ಹೊಟ್ಟೆ ಸೇರಿದೆ. ನಿಶ್ಚಿಂತೆಯಿಂದಿರು."

ಬದನೆಕಾಯಿಗೆ ಹೋದ ಜೀವ ಬಂದಂತಾಯಿತು.

ಗುಂಡಿ ಮಗುಚುವ ದಿನ ಬದನೆಕಾಯಿ ಎಲ್ಲೂ ಕಾಣಲಿಲ್ಲ. ಉದುರುದುರಾದ ಕಪ್ಪು ಗೊಬ್ಬರವಷ್ಟೇ ಇತ್ತು. ಗುದ್ದಲಿಗೆ ಸಿಕ್ಕಿ ಮೇಲೆ ಬಂದ ಕವರಿನ ಅಕ್ಷರ ಮಾತ್ರ ಒಂದೂ ಮಾಸಿರಲಿಲ್ಲ. ಪಕ್ಕದಲ್ಲಿ ಉರಿಯುತ್ತಿದ್ದ ಬೆಂಕಿ ಕಂಡು ಅದು ಮುದುಡಿತು. ಹೊಂಬಾಳಮ್ಮ ಅದನ್ನು ಕೊಡವಿ, ಎರಡು ಬೊಗಸೆ ಗೊಬ್ಬರ ತುಂಬಿ, "ನಿನ್ನ ಮಲ್ಲಿಗೆ ಗಿಡಕ್ಕೆ ಹಾಕವ್ವ," ಎಂದು ಪಕ್ಕದ ಮನೆಯವಳ ಕೈಗಿತ್ತಳು.

"ಭಾರವಾಯಿತೇ?" ಎಂದು ಗೊಬ್ಬರದೊಳಗಿಂದ ಬದನೆಕಾಯಿ ಕೇಳಿತು.

"ಇಲ್ಲ, ಇವತ್ತೇ ಹಗುರಾದೆ," ಎಂದಿತು ಕವರು. "ಮೇಲೆ ಬರೆದದ್ದು ಈಗ ಒಳಗೂ ಇದೆ."